ತಾಯಿ ಕೊಟ್ಟ ಆಸ್ತಿ

ತರುಣರು ರಾಜಕೀಯ ಕಾರ್ಯದಲ್ಲಿ ಸ್ವಯಂಸೇವಕರಾಗಿ ದುಡಿಯುವುದನ್ನು ಕಂಡಾಗ ಸಮಾಜದಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ‘ಓದುವ ವಯಸ್ಸಿನವರಿಗೆ ಇದೆಲ್ಲ ಏಕೆ?’ ಎನ್ನುವವರು ಕೆಲವರು. ‘ತಂದೆಯ ಪಕ್ಷವೇ ಮಗನ ಪಕ್ಷ, ಇದರಲ್ಲೇನು ವಿಶೇಷ?’ ಎನ್ನುವವರು ಇನ್ನು ಕೆಲವರು. ಹಿರಿಯರಿಂದ ಕಿರಿಯರಿಗೆ ಬರಬೇಕಾದುದು ಪಕ್ಷವಲ್ಲ, ನ್ಯಾಯಾನ್ಯಾಯಗಳ ವಿವೇಕ ಎಂಬುದನ್ನು ಇವರಿಬ್ಬರೂ ಮರೆಯುತ್ತಾರೆ. ಆ ವಿವೇಕವಿದ್ದಲ್ಲಿ ಸೇವೆ ತಾನಾಗಿಯೇ ಹುಟ್ಟುತ್ತದೆ. ಕಮಲಾದೇವಿ ಚಟ್ಟೋಪಾಧ್ಯಾಯರ ಜೀವನವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಕಮಲಾದೇವಿಯವರು 1903ರಲ್ಲಿ ಮಂಗಳೂರಿನಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಸರ್ಕಾರದ ಉನ್ನತಾಧಿಕಾರಿ. ತಾಯಿ ಗಿರಿಜಾಬಾಯಿಯವರು ಓದುಬಲ್ಲ ವಿಚಾರವಂತ ಮಹಿಳೆ. ಗೋಖಲೆ, ರಮಾಬಾಯಿ ರಾನಡೆ, ಆನಿ ಬೆಸೆಂಟ್ ಮೊದಲಾದವರ ಸ್ನೇಹ ಆ ಮನೆತನಕ್ಕಿತ್ತು. ಮಗಳಿಗೆ ಏಳು ವರ್ಷವಾಗಿದ್ದಾಗ ತಂದೆಯವರು ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಮೊದಲ ಪತ್ನಿಯ ಮಗನಿಗೆ ಸೇರಿತು. ವಿಧವೆಗೂ ಆಕೆಯ ಹೆಣ್ಣುಮಕ್ಕಳಿಗೂ ದೊರೆತದ್ದು ತಿಂಗಳ ಜೀವನಾಂಶ ಮಾತ್ರ. ಗಿರಿಜಾಬಾಯಿಯವರು ಅದನ್ನು ನಿರಾಕರಿಸಿದರು. ತವರಿನಿಂದ ತಮಗೆ ಬಂದಿದ್ದ ಸ್ವತ್ತಿನಿಂದಲೇ ಮಕ್ಕಳನ್ನು ಸಾಕಲು ನಿಶ್ಚಯಿಸಿದರು. ಹಕ್ಕಾಗಿ ಬರಬೇಕಾದುದು ಭಿಕ್ಷೆಯಾಗಿ ಬಂದಾಗ ಅದನ್ನು ಒಲ್ಲೆನೆನ್ನುವ ಸ್ವಾಭಿಮಾನವದು. ಅದನ್ನು ಕಣ್ಣಾರೆ ಕಂಡ ಮಗುವಿಗೆ ಬೇರೆ ಉಪದೇಶದ ಅಗತ್ಯವೇನಿದ್ದೀತು?

ಈ ಬೀಜ ಬೇಗನೆ ಮೊಳೆಯಿತು. ಬಾಲ್ಯವಿವಾಹವಾಗಿ ಎರಡೇ ವರ್ಷಗಳಲ್ಲಿ ವೈಧವ್ಯ ಬಂದೊದಗಿದರೂ ಕಮಲಾದೇವಿಯವರು ವಿದ್ಯಾಭ್ಯಾಸವನ್ನು ಬಿಡಲಿಲ್ಲ. 1923ರಲ್ಲಿ ಲಂಡನ್ನಿನಲ್ಲಿದ್ದಾಗ ಅಸಹಕಾರ ಚಳವಳಿಯ ವಿಷಯ ತಿಳಿದು ಸ್ವದೇಶಕ್ಕೆ ಮರಳಿದರು. ಆಗ ಅವರಿಗೆ ಇಪ್ಪತ್ತು ವರ್ಷ. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು ಕಟ್ಟಿದ ಸೇವಾದಳವನ್ನು ಸೇರಿ, ಅದರ ಮಹಿಳಾ ವಿಭಾಗದ ಹೊಣೆಯನ್ನು ಹೊತ್ತರು. ಮನೆಯ ಹೊಸಿಲು ದಾಟದ ಹೆಣ್ಣುಮಕ್ಕಳನ್ನು ಕರೆತಂದು ಸೇವಿಕೆಯರನ್ನಾಗಿ ತರಬೇತುಗೊಳಿಸುವುದು ಅವರ ಕೆಲಸ. ಹೆಸರು ತರುವ ಕೆಲಸವಲ್ಲ, ಬೆವರು ಬೇಡುವ ಕೆಲಸ.

ಸೇವೆಯೆಂದರೆ ನಾಯಕರ ಮಾತಿಗೆಲ್ಲ ತಲೆಯಾಡಿಸುವುದೆಂದು ಬಗೆಯುವವರಿದ್ದಾರೆ. ಅದು ಸರಿಯಲ್ಲ. 1930ರ ಮಾರ್ಚ್ ತಿಂಗಳಲ್ಲಿ ಗಾಂಧೀಜಿಯವರೊಡನೆ ದಂಡಿಗೆ ಹೊರಟ ತಂಡದಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. ಕಮಲಾದೇವಿಯವರು ಇದನ್ನು ಒಪ್ಪದೆ, ಉಪ್ಪಿನ ಸತ್ಯಾಗ್ರಹದಲ್ಲಿ ಮಹಿಳೆಯರಿಗೂ ಸಮಾನ ಅವಕಾಶವಿರಬೇಕೆಂದು ಗಾಂಧೀಜಿಯವರಲ್ಲಿಯೇ ವಾದಿಸಿ ಅವರ ಮನವೊಲಿಸಿದರು. ಮುಂಬಯಿಯ ಷೇರು ಪೇಟೆಗೆ ಹೋಗಿ ಉಪ್ಪಿನ ಪೊಟ್ಟಣಗಳನ್ನು ಮಾರಿದರು, ಸೆರೆಮನೆಯನ್ನೂ ಕಂಡರು. ಪೂಜ್ಯರೆದುರಿನಲ್ಲಿಯೂ ವಿನಯದಿಂದ ‘ಇದು ನ್ಯಾಯವಲ್ಲ’ ಎನ್ನಬಲ್ಲ ಧೈರ್ಯವೇ ತಾಯಿಯಿಂದ ಬಂದ ಬಳುವಳಿ. ತಾಯಿಯು ಆ ಮಾತನ್ನು ತಮ್ಮ ಮನೆಯ ಮಟ್ಟಿಗೆ ಆಡಿದರು. ಮಗಳು ಅದನ್ನು ಎಲ್ಲ ಹೆಣ್ಣುಮಕ್ಕಳ ಪರವಾಗಿ ಆಡಿದರು.

1927ರಲ್ಲಿ ಆರಂಭವಾದ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನೆಯಲ್ಲಿಯೂ ಕಮಲಾದೇವಿಯವರು ಶ್ರಮಿಸಿದರು. ಹಿಂದೂ ಕಾನೂನಿನಲ್ಲಿ ಸ್ತ್ರೀಯರಿಗೆ ನ್ಯಾಯ ದೊರೆಯಬೇಕೆಂದು ಆ ಸಂಸ್ಥೆ ಬಹುಕಾಲ ಹೋರಾಡಿತು. ಕೊನೆಗೆ 1956ರ ಹಿಂದೂ ಉತ್ತರಾಧಿಕಾರ ಕಾನೂನು, ಉಯಿಲಿಲ್ಲದೆ ತೀರಿಕೊಂಡವನ ಸ್ವಂತ ಆಸ್ತಿಯಲ್ಲಿ ಪುತ್ರರೊಡನೆ ಪತ್ನಿಗೂ ಪುತ್ರಿಯರಿಗೂ ಪಾಲು ಕೊಟ್ಟಿತು. ಗಿರಿಜಾಬಾಯಿಯವರಿಗೆ ದೊರೆಯದ ಹಕ್ಕು ಮುಂದಿನವರಿಗೆ ದೊರೆಯಿತು. ಅದು ಒಬ್ಬರ ಸಾಧನೆಯಲ್ಲ; ಹೆಸರಿಲ್ಲದ ಅನೇಕ ಸೇವಿಕೆಯರ ದುಡಿಮೆಯೂ ಅದರ ಹಿಂದಿತ್ತು.

ತಂದೆತಾಯಿಗಳ ಪಕ್ಷವನ್ನು ಮಕ್ಕಳು ಒಪ್ಪಬಹುದು, ಬಿಡಬಹುದು. ಆದರೆ ಅನ್ಯಾಯವನ್ನು ಕಂಡಾಗ ಅವರು ಹೇಗೆ ನಡೆದುಕೊಂಡರು ಎಂಬುದು ಮಕ್ಕಳ ಮನಸ್ಸಿನಲ್ಲಿ ಅಳಿಯದೆ ನಿಲ್ಲುತ್ತದೆ. ಗಿರಿಜಾಬಾಯಿಯವರ ಪಾಲಿನ ಆಸ್ತಿಯನ್ನು ಕಾನೂನು ಕಸಿದುಕೊಂಡಿತು. ಅವರು ಮಗಳಿಗೆ ಕೊಟ್ಟ ಆಸ್ತಿಯನ್ನು ಯಾವ ಕಾನೂನೂ ಕಸಿಯಲಾರದಾಯಿತು.