ಕೂದಲಿನ ಪುಡಿ ಮತ್ತು ಮದುವೆಯ ಮಾತುಕತೆ

ವಾಕಡ್, ಹಿಂಜೆವಾಡಿ, ಪಿಂಪ್ರಿ-ಚಿಂಚ್‌ವಡ್ ಪರಿಸರದಲ್ಲಿ ನೆಲೆಸಿರುವ ಕನ್ನಡಿಗ ಯುವಕರಲ್ಲಿ ಕೆಲವರ ಮನೆಯ ಕನ್ನಡಿಯ ಮುಂದೆ ಪೌಡರ್ ಡಬ್ಬಿಯ ಪಕ್ಕ ಇನ್ನೊಂದು ಪುಟ್ಟ ಡಬ್ಬಿ ಬಂದು ಕುಳಿತಿದೆ. ಹೇರ್ ಫೈಬರ್ ಎಂದು ಅದರ ಹೆಸರು. ತೆಳ್ಳಗಾದ ನೆತ್ತಿಯ ಮೇಲೆ ಉದುರಿಸಿದರೆ ನಿಮಿಷದಲ್ಲೇ ಕೂದಲು ದಟ್ಟವಾಗಿ ಕಾಣುತ್ತದೆ. ಇದನ್ನು ಕಂಡ ಹಿರಿಯರು ನಗುವುದೂ ಉಂಟು, ಮೋಸವೆಂದು ಗದರುವುದೂ ಉಂಟು. ಎರಡೂ ಸರಿಯಲ್ಲ.

ಈ ಪುಡಿಯಲ್ಲಿ ಮಾಯಮಂತ್ರವೇನೂ ಇಲ್ಲ. ಕೂದಲು, ಉಗುರುಗಳಲ್ಲಿ ಇರುವ ಕೆರಾಟಿನ್ ಎಂಬ ಪ್ರೋಟೀನನ್ನು ಕುರಿಯ ಉಣ್ಣೆಯಿಂದ ಪಡೆದು ಸಣ್ಣ ಎಳೆಗಳಾಗಿ ಕತ್ತರಿಸಿ ಬಣ್ಣ ಕೊಟ್ಟಿರುತ್ತಾರೆ. ಹತ್ತಿಯಂತಹ ಸಸ್ಯಮೂಲದ ಎಳೆಗಳೂ ಇವೆ. ಸ್ಥಿರ ವಿದ್ಯುತ್ತಿನ ಸೆಳೆತದಿಂದ ಅವು ಇರುವ ಕೂದಲಿಗೆ ಅಂಟಿಕೊಳ್ಳುತ್ತವೆ. ಹೀಗಾಗಿ ಪೂರ್ತಿ ಬೋಳಾದ ತಲೆಗೆ ಅದರಿಂದ ಪ್ರಯೋಜನವಿಲ್ಲ. ಒಣಗಿದ ಕೂದಲಿಗೇ ಹಾಕಬೇಕು, ಶಾಂಪೂ ಹಾಕಿ ತೊಳೆದರೆ ಹೋಗುತ್ತದೆ. ಬೈತಲೆ ಅಗಲವಾದ ಮಹಿಳೆಯರೂ ಇದನ್ನು ಬಳಸುತ್ತಾರೆ. ನರೆಗೂದಲಿಗೆ ಬಣ್ಣ ಹಚ್ಚುವುದನ್ನು ಒಪ್ಪಿದ ಸಮಾಜ ಈ ಪುಡಿಯೊಂದನ್ನೇ ಅಪರಾಧವೆಂದು ಕಾಣಬೇಕಾಗಿಲ್ಲ.

ಆದರೆ ಇದು ಅಲಂಕಾರವೇ ಹೊರತು ಔಷಧವಲ್ಲ. ಪುಣೆಯ ಟ್ಯಾಂಕರ್ ನೀರಿನಿಂದ ತಲೆ ಬೋಳಾಯಿತು ಎಂದು ದೂರುವವರಿದ್ದಾರೆ. ಗಡಸು ನೀರು ಕೂದಲನ್ನು ಒರಟಾಗಿಸಬಹುದು. ಗಂಡಸರ ಬೊಕ್ಕತಲೆಗೆ ಮುಖ್ಯ ಕಾರಣ ವಂಶಗುಣ ಮತ್ತು ಹಾರ್ಮೋನು. ಟೈಫಾಯ್ಡ್, ಡೆಂಗ್ಯೂ ಜ್ವರವಾಗಲಿ, ಹೆರಿಗೆಯಾಗಲಿ ಆಗಿ ಎರಡು-ಮೂರು ತಿಂಗಳಿಗೆ ಉದುರುವ ಕೂದಲು ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದಲೂ ಕೂದಲು ಉದುರುವುದುಂಟು. ನಾಣ್ಯದಗಲ ಬೋಳಾದರೆ, ತುರಿಕೆ, ಹುಣ್ಣು ಕಾಣಿಸಿದರೆ ಪುಡಿ ಹಾಕಿ ಮುಚ್ಚುವ ಮೊದಲು ಚರ್ಮವೈದ್ಯರಿಗೆ ತೋರಿಸುವುದು ಒಳಿತು. ಸಂಘಗಳ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆಯ ಜೊತೆಗೆ ಚರ್ಮವೈದ್ಯರಿಗೂ ಒಂದು ಮೇಜು ಇಟ್ಟರೆ ಯುವಜನರು ಬಂದಾರು.

ದ್ವಿಚಕ್ರ ವಾಹನಗಳ ನಗರವಾದ ಪುಣೆಯಲ್ಲಿ ಇನ್ನೊಂದು ಅಪಾಯವನ್ನೂ ಹೇಳಲೇಬೇಕು. ಹೆಲ್ಮೆಟ್ ತಿಕ್ಕಿದರೆ ಪುಡಿ ಉದುರುತ್ತದೆ ಎಂದು ಹೆಲ್ಮೆಟ್ಟನ್ನೇ ಬಿಡುವುದು ಹುಚ್ಚುತನ. 2019ರ ಜನವರಿಯಲ್ಲಿ ಪೊಲೀಸರು ಹೆಲ್ಮೆಟ್ ಕಡ್ಡಾಯವನ್ನು ಬಿಗಿಗೊಳಿಸಿದಾಗ ವಿರೋಧಿಸಿ ಬೀದಿಗಿಳಿದ ನಗರವಿದು. ಹೆಲ್ಮೆಟ್‌ನಿಂದ ತಲೆ ಬೋಳಾಗುವುದಿಲ್ಲ. ಪುಡಿಯನ್ನು ಆಫೀಸಿಗೆ ತಲುಪಿದ ಮೇಲೂ ಹಾಕಿಕೊಳ್ಳಬಹುದು, ಒಡೆದ ತಲೆಗೆ ಯಾವ ಪುಡಿಯೂ ಇಲ್ಲ.

ಇಷ್ಟಕ್ಕೂ ಯುವಕರಿಗೆ ಈ ಅಂಜಿಕೆ ಎಲ್ಲಿಂದ ಬಂತು? ವಧು-ವರರ ಸಮಾವೇಶಗಳಲ್ಲಿ ಕುಳಿತವರಿಗೆ ಉತ್ತರ ಗೊತ್ತು. ಹುಡುಗನಿಗೆ ಒಳ್ಳೆಯ ಕೆಲಸವಿದೆ, ಸ್ವಂತ ಫ್ಲ್ಯಾಟ್ ಇದೆ, ಕುಡಿತವಿಲ್ಲ. "ಆದರೆ ಕೂದಲಿಲ್ಲವಲ್ಲ" ಎಂಬಲ್ಲಿಗೆ ಸಂಬಂಧ ಮುರಿಯುತ್ತದೆ. ಮಂಗಳೂರಿನ ಬೋಳುತಲೆಯ ಕನ್ನಡ ಉಪನ್ಯಾಸಕನೊಬ್ಬನ ವಧುಶೋಧವನ್ನೇ ಕಥೆಯಾಗಿಸಿ ರಾಜ್ ಬಿ. ಶೆಟ್ಟಿ ಅವರು 2017ರಲ್ಲಿ 'ಒಂದು ಮೊಟ್ಟೆಯ ಕಥೆ' ಚಿತ್ರ ನಿರ್ದೇಶಿಸಿ ನಟಿಸಿದಾಗ ಎಲ್ಲರೂ ನಕ್ಕರು. 2019ರಲ್ಲಿ ಅದು 'ಉಜಡಾ ಚಮನ್' ಎಂದು ಹಿಂದಿಗೂ ಹೋಯಿತು. ಚಿತ್ರಮಂದಿರದಲ್ಲಿ ನಕ್ಕವರೇ ಮನೆಗೆ ಬಂದು ಮಗಳಿಗೆ ಕೂದಲಿರುವ ಹುಡುಗನನ್ನು ಹುಡುಕಿದರೆ ಆ ನಗುವಿಗೆ ಅರ್ಥವೇನು?

ಗಂಡಿನ ಕಡೆಯವರೂ ಮುಗ್ಧರಲ್ಲ. ಹುಡುಗಿಗೆ ಬಿಳಿ ಬಣ್ಣ ಬೇಕು, ಉದ್ದ ಜಡೆ ಬೇಕು ಎಂದು ವರ್ಷಗಟ್ಟಲೆ ಅಳೆದ ಅದೇ ಕೋಲು ಈಗ ಅವರ ಮಗನ ನೆತ್ತಿಗೆ ತಾಗಿದೆ.

ಹಾಗೆಂದು ಮುಚ್ಚಿಟ್ಟು ಮದುವೆಯಾಗುವುದನ್ನು ಸಮರ್ಥಿಸಲಾಗದು. ಫೋಟೋಗೆ ಪುಡಿ ಹಾಕಿಕೊಳ್ಳಲಿ, ತೊಂದರೆಯಿಲ್ಲ. ಮಾತು ಪಕ್ಕಾ ಆಗುವ ಮೊದಲು ಹುಡುಗಿಯೊಂದಿಗೆ ಎದುರೆದುರು ಕುಳಿತು ಒಮ್ಮೆ ಹೇಳಿಬಿಡಬೇಕು. ಹುಡುಗಿಗೂ ಇದೇ ಮಾತು ಅನ್ವಯಿಸುತ್ತದೆ. ಮದುವೆಯ ಮರುದಿನ ತಲೆಸ್ನಾನದಲ್ಲಿ ಬಯಲಾಗುವ ಗುಟ್ಟು ಚಿಕ್ಕದೇ ಇರಬಹುದು. ಆದರೆ "ಇನ್ನೇನು ಮುಚ್ಚಿಟ್ಟಿದ್ದಾರೋ" ಎಂಬ ಸಂಶಯ ಚಿಕ್ಕದಲ್ಲ. ಸತ್ಯ ಹೇಳಿದವನನ್ನು ಕೂದಲಿನ ಕಾರಣಕ್ಕೆ ತಿರಸ್ಕರಿಸದಿರುವುದು ಹಿರಿಯರ ಪಾಲಿನ ಹೊಣೆ. ಹೇಳಿದವನಿಗೆ ಬಾಗಿಲು ಮುಚ್ಚಿದರೆ ಮುಂದಿನವನು ಹೇಳಲಾರ.

ಯಕ್ಷಗಾನದ ಕಲಾವಿದ ಚೌಕಿಯಲ್ಲಿ ಎಲ್ಲರ ಮುಂದೆಯೇ ಬಣ್ಣ ಹಚ್ಚುತ್ತಾನೆ, ಕಿರೀಟ ಕಟ್ಟುತ್ತಾನೆ. ಆಟ ಮುಗಿದ ಮೇಲೆ ಎಲ್ಲರ ಮುಂದೆಯೇ ಕಳಚಿ, ಮುಖ ಒರೆಸಿ, ಚಹಾ ಕುಡಿಯಲು ಕೂರುತ್ತಾನೆ. ಆತನನ್ನು ಯಾರೂ ಮೋಸಗಾರನೆನ್ನುವುದಿಲ್ಲ. ಪುಣೆಯ ಕನ್ನಡಿಗರ ಮನೆಗಳು ಯುವಕರಿಗೆ ಅಂತಹ ಚೌಕಿಯಾಗಲಿ.