ಕಸ ಹೋಗಲಿ, ಕನ್ನಡ ಉಳಿಯಲಿ

ಅರಸೀಕೆರೆ, ಬೇಲೂರು, ಹಳೇಬೀಡಿನ ಹುಡುಗರು ಮೊಬೈಲಿನಲ್ಲಿ ಚೆಸ್ ಆಡಿದರೆ ಪ್ರತಿ ನಡೆಯೂ ದಾಖಲಾಗುತ್ತದೆ. ಆ ದಾಖಲೆಯ ರೂಪವೇ ಪಿಜಿಎನ್: 1990ರ ದಶಕದಲ್ಲಿ ಸ್ಟೀವನ್ ಎಡ್ವರ್ಡ್ಸ್ ರೂಪಿಸಿದ ಸಾದಾ ಪಠ್ಯದ ಕಡತ.

ತೆರೆದರೆ ಮೊದಲು ಕಣ್ಣಿಗೆ ರಾಚುವುದು ಆಟವಲ್ಲ. ಆನ್‌ಲೈನ್ ಚೆಸ್ ತಾಣ ಲಿಚೆಸ್‌ನಿಂದ ಇಳಿಸಿಕೊಂಡ ಕಡತದಲ್ಲಿ ನಡೆನಡೆಗೂ ಸುರುಳಿ ಆವರಣದೊಳಗೆ ಗಡಿಯಾರದ ಸಮಯ, ವಿಶ್ಲೇಷಣೆ ಮಾಡಿಸಿದ್ದರೆ ಚೆಸ್ ಎಂಜಿನ್ ಕೊಟ್ಟ ಅಂಕ. ಕೆಲವು ಕಡತಗಳಲ್ಲಿ ನಡುವೆ ‘$2’ ಬಂದರೆ ತಪ್ಪು ನಡೆ, ‘$4’ ಬಂದರೆ ದೊಡ್ಡ ಪ್ರಮಾದ. 2017ರಲ್ಲಿ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿನ ತೇಜ್‌ಕುಮಾರ್ ಅವರ ಆಟವನ್ನು ಹಲಗೆಯ ಮೇಲೆ ಆಡಿ ನೋಡುವ ಹುಡುಗಿಗೆ ಇದೆಲ್ಲ ಅಡ್ಡಿಯೇ.

ಶುಚಿಗೊಳಿಸುವ ಉಪಕರಣಗಳು ಉಚಿತವಾಗಿಯೇ ಸಿಗುತ್ತವೆ. ಡೇವಿಡ್ ಬಾರ್ನ್ಸ್ ಬರೆದ ಪಿಜಿಎನ್-ಎಕ್ಸ್‌ಟ್ರಾಕ್ಟ್‌ಗೆ ಒಂದೊಂದು ಅಕ್ಷರದ ಆದೇಶ ಸಾಕು: ‘ಸಿ’ ಟಿಪ್ಪಣಿಗಳನ್ನು, ‘ವಿ’ ಪರ್ಯಾಯ ನಡೆಗಳನ್ನು, ‘ಎನ್’ ಡಾಲರ್ ಸಂಕೇತಗಳನ್ನು ತೆಗೆಯುತ್ತದೆ.

ಅಪಾಯವೂ ಇಲ್ಲೇ ಇದೆ. ‘ಸಿ’ ಒತ್ತಿದರೆ ಗಡಿಯಾರದ ಜೊತೆ, ‘ಕುದುರೆಯನ್ನು ಯಾಕೆ ಅಂಚಿಗೆ ತಳ್ಳಿದೆ?’ ಎಂದು ಮೇಷ್ಟ್ರು ಬರೆದ ಮಾತೂ ಅಳಿಯುತ್ತದೆ. ಯಂತ್ರದ ಅಂಕ ಮತ್ತೆ ಸಿಕ್ಕೀತು, ಮೇಷ್ಟ್ರ ಮಾತು ಸಿಗದು. ಮೂಲ ಪಿಜಿಎನ್ ನಿಯಮ ಲ್ಯಾಟಿನ್ ಅಕ್ಷರಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಿತ್ತು. ಹಾಗಾಗಿ ಹಳೆಯ ತಂತ್ರಾಂಶಗಳಲ್ಲಿ ಕನ್ನಡ ಕೆಡುವ ಭಯವೂ ಇದೆ.

ಲಿಚೆಸ್‌ನಲ್ಲಿ ಇಳಿಸಿಕೊಳ್ಳುವಾಗಲೇ ಗಡಿಯಾರ, ಅಂಕ ಬೇಡವೆನ್ನಬಹುದು. ತರಬೇತುದಾರರು ಅದನ್ನೇ ಮೊದಲು ಬಳಸಲಿ, ಮೂಲ ಪ್ರತಿಯನ್ನು ಬೇರೆಯಾಗಿ ಉಳಿಸಲಿ, ಕನ್ನಡ ಟಿಪ್ಪಣಿಯಿರುವ ಒಂದು ಆಟದ ಮೇಲೆ ಉಪಕರಣವನ್ನು ಪರೀಕ್ಷಿಸಿಯೇ ಇಡೀ ಸಂಗ್ರಹಕ್ಕೆ ಕೈ ಹಾಕಲಿ.