ಕಾರಿನ ಲೆಕ್ಕ ಸರಿಹೋಯಿತು, ಗಿರಾಕಿಯ ಲೆಕ್ಕ?

2020ರ ಏಪ್ರಿಲ್ ತಿಂಗಳಲ್ಲಿ ದೇಶದ ಅತಿ ದೊಡ್ಡ ಕಾರು ಕಂಪನಿಯಾದ ಮಾರುತಿ ಸುಜುಕಿ ನಮ್ಮ ದೇಶದೊಳಗೆ ಮಾರಿದ ಕಾರುಗಳ ಸಂಖ್ಯೆ ಸೊನ್ನೆ. ಅದೇ ತಿಂಗಳು ನಮ್ಮ ಅಬ್ಬಾ ಗ್ಯಾರೇಜಿನ ಡೈರಿಯಲ್ಲಿ ಬರೆದ ಜಮೆಯೂ ಸೊನ್ನೆ.

ಅಬ್ಬಾ ಲೆಕ್ಕವನ್ನು ಉರ್ದುವಿನಲ್ಲಿ ಬರೆಯುತ್ತಾರೆ. ಪ್ರಥಮ ಪಿಯುಸಿಯಲ್ಲಿ ಜರ್ನಲ್, ಲೆಡ್ಜರ್ ಕಲಿಯುವಾಗ ನಾನು ಅವರ ಹಳೆಯ ಡೈರಿಗಳನ್ನು ತೆಗೆದು ಅಭ್ಯಾಸ ಮಾಡುತ್ತಿದ್ದೆ. 2020ರ ಡೈರಿಯಲ್ಲಿ ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ ಹಾಳೆಗಳು ಖಾಲಿ. ನಡುವೆ ಒಂದು ಕಡೆ ಮಾತ್ರ ‘ಕಿರಾಯಾ ಬಾಕಿ’ ಎಂದಿತ್ತು, ಅಂದರೆ ಶೆಡ್ಡಿನ ಬಾಡಿಗೆ ಕೊಡಬೇಕು. ಆ ವರ್ಷದ ರಂಜಾನ್ ತಿಂಗಳು ಪೂರ್ತಿ ಲಾಕ್‌ಡೌನಿನಲ್ಲೇ ಕಳೆಯಿತು. ಪ್ರತಿ ವರ್ಷ ನಮ್ಮ ಗಲ್ಲಿಯ ಎರಡು ಮನೆಗಳಿಗೆ ಅಬ್ಬಾ ರೇಷನ್ ಕೊಡಿಸುತ್ತಿದ್ದರು. ಆ ವರ್ಷ ನಮ್ಮ ಮನೆ ಬಾಗಿಲಿಗೇ ರೇಷನ್ ಕಿಟ್ ಬಂತು. ಅಮ್ಮಿ ಏನೂ ಮಾತಾಡದೆ ತೆಗೆದುಕೊಂಡು ಒಳಗಿಟ್ಟರು. ನಾನು ಆಗ ಆರನೇ ತರಗತಿ, ಪರೀಕ್ಷೆಯಿಲ್ಲದೆ ಪಾಸಾದ ಖುಷಿಯಲ್ಲಿದ್ದೆ.

ಯಾರೂ ಅಯ್ಯೋ ಪಾಪ ಎನ್ನಲಿ ಎಂದು ಇದನ್ನು ಬರೆಯುತ್ತಿಲ್ಲ. ‘ಕೊರೊನಾದಿಂದ ವಾಹನ ಉದ್ಯಮ ಸಂಪೂರ್ಣ ಚೇತರಿಸಿಕೊಂಡಿದೆ’ ಎಂಬ ಮಾತನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಆ ಮಾತನ್ನು ಲೆಕ್ಕ ಹಾಕಿ ನೋಡಬೇಕು ಅನ್ನಿಸಿತು.

ಮೊದಲು ಏನಾಯಿತು ನೋಡೋಣ. 2020ರ ಮಾರ್ಚ್ 31 ಹಳೆಯ ಬಿಎಸ್-4 ವಾಹನಗಳ ಮಾರಾಟಕ್ಕೆ ಕೊನೆಯ ದಿನವಾಗಿತ್ತು. ಏಪ್ರಿಲ್ 1ರಿಂದ ಹೊಗೆ ಕಡಿಮೆ ಉಗುಳುವ ಬಿಎಸ್-6 ವಾಹನಗಳನ್ನೇ ಮಾರಬೇಕು. ಶೋರೂಮಿನವರು ಹಳೆಯ ಸ್ಟಾಕ್ ಖಾಲಿ ಮಾಡಲು ಒದ್ದಾಡುತ್ತಿರುವಾಗಲೇ, ಗಡುವಿಗೆ ಒಂದು ವಾರ ಇರುವಂತೆ ದೇಶವೇ ಬಂದ್ ಆಯಿತು.

ಎರಡನೇ ಪೆಟ್ಟು ಚಿಪ್‌ನಿಂದ ಬಂತು. ನಮ್ಮ ಬಿಸಿನೆಸ್ ಸ್ಟಡೀಸ್ ಮೇಡಂ ‘ಜಸ್ಟ್ ಇನ್ ಟೈಮ್’ ಪದ್ಧತಿಯ ಬಗ್ಗೆ ಹೇಳಿದ್ದರು. ಗೋದಾಮಿನಲ್ಲಿ ಸ್ಟಾಕ್ ಇಟ್ಟು ದುಡ್ಡು ಕಟ್ಟಿಹಾಕಬಾರದು, ಬೇಕಾದ ಬಿಡಿಭಾಗ ಬೇಕಾದ ಹೊತ್ತಿಗೆ ಬರಬೇಕು. ಇದನ್ನು ರೂಢಿಗೆ ತಂದದ್ದು ಜಪಾನಿನ ಟೊಯೋಟಾ ಕಂಪನಿ. ನಮ್ಮ ಬಿಡದಿಯಲ್ಲಿ ಇರುವುದೂ ಅದೇ ಕಂಪನಿಯ ಕಾರ್ಖಾನೆ. ಜಗತ್ತಿನ ಎಲ್ಲ ಕಾರು ಕಂಪನಿಗಳೂ ಈ ಪದ್ಧತಿಯನ್ನು ಕಲಿತವು. 2020ರಲ್ಲಿ ಕಾರು ಯಾರೂ ಕೊಳ್ಳುವುದಿಲ್ಲ ಎಂದು ಹೆದರಿದ ಕಂಪನಿಗಳು ಚಿಪ್ ಆರ್ಡರುಗಳನ್ನು ರದ್ದು ಮಾಡಿದವು. ಅದೇ ಹೊತ್ತಿಗೆ ಇಡೀ ಜಗತ್ತು ಮನೆಯಲ್ಲಿ ಕೂತು ಲ್ಯಾಪ್‌ಟಾಪ್, ಮೊಬೈಲ್ ಕೊಳ್ಳುತ್ತಿತ್ತು. ಚಿಪ್ ಮಾಡುವವರು ಆ ಕಡೆ ತಿರುಗಿದರು. ಕೆಲವೇ ತಿಂಗಳಲ್ಲಿ ಕಾರಿಗೆ ಬೇಡಿಕೆ ಮರಳಿದಾಗ ಕಂಪನಿಗಳು ಸರತಿಯ ಕೊನೆಯಲ್ಲಿ ನಿಲ್ಲಬೇಕಾಯಿತು. ಒಂದು ಚಿಪ್ ತಯಾರಾಗಲು ತಿಂಗಳುಗಳೇ ಬೇಕು. 2021ರ ಸೆಪ್ಟೆಂಬರಿನಲ್ಲಿ ಹರಿಯಾಣ ಮತ್ತು ಗುಜರಾತಿನ ಕಾರ್ಖಾನೆಗಳಲ್ಲಿ ಉತ್ಪಾದನೆ ಮಾಮೂಲಿನ ಶೇ. 40ರಷ್ಟು ಮಾತ್ರ ಇರಬಹುದು ಎಂದು ಮಾರುತಿ ಮೊದಲೇ ತಿಳಿಸಿತ್ತು. ಟೊಯೋಟಾ ಕೂಡ ಅದೇ ತಿಂಗಳ ಜಾಗತಿಕ ಉತ್ಪಾದನೆಯ ಯೋಜನೆಯನ್ನು ಸುಮಾರು ಶೇ. 40ರಷ್ಟು ಕಡಿತ ಮಾಡಿತು. 2022ರಲ್ಲಿ ಜಪಾನಿನಲ್ಲಿ ಹೊಸ ಕಾರಿಗೆ ಎರಡು ಸ್ಮಾರ್ಟ್ ಕೀ ಕೊಡಲು ಚಿಪ್ ಸಾಲದೆ, ಒಂದನ್ನು ಸಾಧಾರಣ ಕೀ ಮಾಡಿ ಕೊಟ್ಟಿತು.

ನಮ್ಮ ಅಬ್ಬಾ ಇದಕ್ಕೆ ತದ್ವಿರುದ್ಧ. ಶೆಡ್ಡಿನ ಹಿಂದುಗಡೆ ಹಳೆಯ ಆಲ್ಟರ್ನೇಟರ್, ಗೇರ್‌ಬಾಕ್ಸ್, ಬಾಗಿಲು, ಲೈಟುಗಳನ್ನು ರಾಶಿ ಹಾಕಿಟ್ಟಿದ್ದಾರೆ. ಅಮ್ಮಿ ಅದನ್ನು ‘ಕಬಾಡಾ’ ಎಂದು ಬೈಯುತ್ತಿದ್ದರು. ಆದರೆ 2021ರಲ್ಲಿ ಹೊಸ ಕಾರಿಗೆ ತಿಂಗಳುಗಟ್ಟಲೆ ಕಾಯಬೇಕಾಗಿ ಬಂದಾಗ ಜನ ಹಳೆಯ ಕಾರನ್ನೇ ರಿಪೇರಿ ಮಾಡಿಸಿಕೊಂಡರು. ಬಸ್ಸಿನಲ್ಲಿ ಹೋಗಲು ಹೆದರಿದವರು ಸೆಕೆಂಡ್ ಹ್ಯಾಂಡ್ ಕಾರು ಕೊಂಡು ತಂದರು. ಆ ಕಬಾಡಾ ರಾಶಿಯೇ ಆ ವರ್ಷ ನಮ್ಮ ಮನೆ ನಡೆಸಿತು. ಕೊರೊನಾದಿಂದ ನಮಗೆ ಬರೀ ನಷ್ಟವೇ ಆಯಿತು ಎಂದರೆ ಅದು ಸುಳ್ಳು ಲೆಕ್ಕವಾಗುತ್ತದೆ.

ಈಗ ಚೇತರಿಕೆಯ ವಿಷಯಕ್ಕೆ ಬರೋಣ. 2018-19ರಲ್ಲಿ ದೇಶದೊಳಗೆ ಮಾರಾಟವಾದ ಪ್ರಯಾಣಿಕ ವಾಹನಗಳು ಸುಮಾರು 33.8 ಲಕ್ಷ. 2020-21ರಲ್ಲಿ ಅದು 27 ಲಕ್ಷಕ್ಕೆ ಇಳಿಯಿತು. 2024-25ರಲ್ಲಿ 43 ಲಕ್ಷಕ್ಕೆ ಏರಿತು. ಇಷ್ಟನ್ನೇ ನೋಡಿದರೆ ಚೇತರಿಕೆ ನಿಜ.

ಆದರೆ ಈ ಮೊತ್ತವನ್ನು ಬಿಡಿಸಿ ನೋಡಬೇಕು. 2018-19ರಲ್ಲಿ ಆಲ್ಟೊ, ಸ್ವಿಫ್ಟ್‌ನಂಥ ಕಾರುಗಳೂ ಸೆಡಾನ್‌ಗಳೂ ಸೇರಿ ಸುಮಾರು 22 ಲಕ್ಷ ಮಾರಾಟವಾಗಿದ್ದವು. ಎಸ್‌ಯುವಿಯಂಥ ಯುಟಿಲಿಟಿ ವಾಹನಗಳು 9.4 ಲಕ್ಷ ಮಾತ್ರ. 2024-25ರಲ್ಲಿ ಮೊದಲ ಗುಂಪು 13.5 ಲಕ್ಷಕ್ಕೆ ಕುಸಿದಿದೆ, ಎರಡನೆಯದು 28 ಲಕ್ಷಕ್ಕೆ ಹತ್ತಿರವಾಗಿದೆ. ಬಡವರ ಮೊದಲ ಕಾರು ಎನಿಸಿದ್ದ ಆಲ್ಟೊ 800 ತಯಾರಿಕೆಯೇ 2023ರಲ್ಲಿ ನಿಂತಿತು.

‘ಜನರ ಟೇಸ್ಟ್ ಬದಲಾಗಿದೆ ಅಷ್ಟೇ, ಎಲ್ಲರಿಗೂ ಎತ್ತರದ ಗಾಡಿ ಬೇಕು’ ಎಂದು ನನ್ನ ಸ್ನೇಹಿತೆ ವಾದಿಸಿದಳು. ಸ್ವಲ್ಪ ಮಟ್ಟಿಗೆ ಅವಳ ಮಾತು ಸರಿ. ಸಣ್ಣ ಎಸ್‌ಯುವಿ ಕೊಂಡವರಲ್ಲಿ ಕೆಲವರು ಹಿಂದೆ ಸ್ವಿಫ್ಟ್ ಕೊಳ್ಳುತ್ತಿದ್ದವರೇ. ಆದರೆ ದ್ವಿಚಕ್ರ ವಾಹನದ ಲೆಕ್ಕ ನೋಡಿ. 2018-19ರಲ್ಲಿ ಸುಮಾರು 2.1 ಕೋಟಿ ಮಾರಾಟವಾಗಿದ್ದವು. 2021-22ರಲ್ಲಿ 1.35 ಕೋಟಿಗೆ ಬಿತ್ತು. 2024-25ರಲ್ಲೂ 1.96 ಕೋಟಿಯೇ, ಅಂದರೆ ಆರು ವರ್ಷದ ಹಿಂದಿನ ಮಟ್ಟವನ್ನು ಆಗಲೂ ಮುಟ್ಟಿರಲಿಲ್ಲ. ಬೈಕು ಬೇಡ ಎನ್ನುವ ಟೇಸ್ಟ್ ಯಾರಿಗೂ ಬಂದಿಲ್ಲ. ಒಂದು ಕಡೆ ಬಿಎಸ್-6, ಸುರಕ್ಷತಾ ನಿಯಮಗಳು, ಇನ್ಶೂರೆನ್ಸ್ ಎಲ್ಲ ಸೇರಿ ಬೆಲೆ ಏರಿತು. ಇನ್ನೊಂದು ಕಡೆ ಕೂಲಿಯವರ, ಸಣ್ಣ ಅಂಗಡಿಯವರ ಉಳಿತಾಯ ಕರಗಿತು. ಚಿಪ್ ಕಡಿಮೆ ಇದ್ದಾಗ ಕಂಪನಿಗಳು ಲಾಭ ಹೆಚ್ಚಿರುವ ದೊಡ್ಡ ಗಾಡಿಗಳಿಗೇ ಅದನ್ನು ಹಾಕಿದವು. ವ್ಯಾಪಾರದ ದೃಷ್ಟಿಯಿಂದ ಅದು ಸರಿಯಿರಬಹುದು. ಆದರೆ ಬೈಕಿನಿಂದ ಸಣ್ಣ ಕಾರಿಗೆ ಹತ್ತುವ ಮೆಟ್ಟಿಲು ಅಲ್ಲಿ ಮುರಿಯಿತು.

ಇದು ನಮ್ಮಂಥವರಿಗೆ ಯಾಕೆ ಮುಖ್ಯ? ದೊಡ್ಡ ಗಾಡಿಯವರು ಹೆಚ್ಚಾಗಿ ಕಂಪನಿ ಸರ್ವೀಸ್ ಸೆಂಟರಿಗೇ ಹೋಗುತ್ತಾರೆ. ಸಣ್ಣ ಕಾರಿನವರು ವಾರಂಟಿ ಮುಗಿದ ಮರುದಿನವೇ ರಸ್ತೆ ಬದಿಯ ಗ್ಯಾರೇಜಿಗೆ ಬರುತ್ತಾರೆ. ಇಂದು ಮಾರಾಟವಾಗದ ಸಣ್ಣ ಕಾರು ಎಂದರೆ ಐದು ವರ್ಷದ ನಂತರ ಬಾರದ ಗಿರಾಕಿ. ನಮ್ಮ ಕಾಲೇಜಿನಲ್ಲಿ ಎಷ್ಟು ಜನರ ಮನೆಯವರು ಮೆಕ್ಯಾನಿಕ್, ಟಿಂಕರಿಂಗ್, ಪೇಂಟಿಂಗ್, ಕುಶನ್ ಕೆಲಸ, ಪಂಕ್ಚರ್ ಅಂಗಡಿ, ಡ್ರೈವಿಂಗ್ ನಂಬಿಕೊಂಡಿದ್ದಾರೆ ಎಂದು ಒಮ್ಮೆ ಕೈ ಎತ್ತಿಸಿ ನೋಡಿ.

ಸರ್ಕಾರ ಏನೂ ಮಾಡಲಿಲ್ಲ ಎಂದು ನಾನು ಹೇಳುವುದಿಲ್ಲ. 2020ರ ಮೇ ತಿಂಗಳಲ್ಲಿ ಸಣ್ಣ ಉದ್ದಿಮೆಗಳಿಗೆ 3 ಲಕ್ಷ ಕೋಟಿ ರೂಪಾಯಿಯ ತುರ್ತು ಸಾಲ ಖಾತರಿ ಯೋಜನೆ ಘೋಷಣೆಯಾಯಿತು. ಆದರೆ ಅದು ಈಗಾಗಲೇ ಬ್ಯಾಂಕಿನಲ್ಲಿ ಸಾಲ ಇದ್ದವರಿಗೆ. ಅಬ್ಬಾ ಎಂದೂ ಬ್ಯಾಂಕಿನಲ್ಲಿ ಸಾಲ ಮಾಡಿದವರಲ್ಲ, ಹಾಗಾಗಿ ಅವರಿಗೆ ಸಿಗಲಿಲ್ಲ. 2021ರ ಡಿಸೆಂಬರಿನಲ್ಲಿ ಚಿಪ್ ತಯಾರಿಕೆಗೆ 76,000 ಕೋಟಿ ರೂಪಾಯಿಯ ಯೋಜನೆ ಬಂತು. ದೇಶಕ್ಕೆ ಅದು ಬೇಕೇ ಬೇಕು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರು ಮತ್ತು 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಇದು ಮುರಿದ ಮೆಟ್ಟಿಲನ್ನು ಮತ್ತೆ ಜೋಡಿಸುವ ಕೆಲಸ, ನಾನು ಸ್ವಾಗತಿಸುತ್ತೇನೆ. ಆದರೆ ಕಾರು ಮಾಡುವವರಿಗೆ, ಕೊಳ್ಳುವವರಿಗೆ ಯೋಜನೆ ಇದ್ದ ಹಾಗೆ ರಿಪೇರಿ ಮಾಡುವವರಿಗೂ ಒಂದು ಬೇಡವೇ?

ಯಾಕೆಂದರೆ ಮುಂದಿನ ಬದಲಾವಣೆ ಆಗಲೇ ಬಾಗಿಲಿಗೆ ಬಂದಿದೆ. 2021ರಲ್ಲಿ ಪೆಟ್ರೋಲ್ ನೂರು ರೂಪಾಯಿ ದಾಟಿತು, ಅದೇ ವರ್ಷ ಎಲೆಕ್ಟ್ರಿಕ್ ಸ್ಕೂಟರಿನ ಸಬ್ಸಿಡಿಯನ್ನು ಕೇಂದ್ರ ಸರ್ಕಾರ ಹೆಚ್ಚಿಸಿತು. ಎಲೆಕ್ಟ್ರಿಕ್ ವಾಹನ ನೀತಿ ತಂದ ಮೊದಲ ರಾಜ್ಯ ನಮ್ಮ ಕರ್ನಾಟಕ, 2017ರಲ್ಲೇ. 2024-25ರಲ್ಲಿ ಮಾರಾಟವಾದ ಕಾರುಗಳಲ್ಲಿ ನೂರಕ್ಕೆ ಮೂರೂ ಎಲೆಕ್ಟ್ರಿಕ್ ಇರಲಿಲ್ಲ, ನಿಜ. ಹಾಗಾಗಿ ಹೆದರುವ ಕಾಲ ಇದಲ್ಲ, ಕಲಿಯುವ ಕಾಲ.

ನಮ್ಮ ಭಾಯಿ 2020ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ. ಪಿಯುಸಿ ಆನ್‌ಲೈನ್ ಕ್ಲಾಸಿಗೆ ಮನೆಯಲ್ಲಿ ಇದ್ದದ್ದು ಒಂದೇ ಫೋನು. ಅದನ್ನು ನನಗೆ ಬಿಟ್ಟು ಅವನು ಗ್ಯಾರೇಜಿಗೆ ಹೋದ, ಮತ್ತೆ ಕಾಲೇಜಿಗೆ ಬರಲಿಲ್ಲ. ಫೋನಿನ ವಿಡಿಯೊ ನೋಡಿಯೇ ಸ್ಕ್ಯಾನರ್ ಹಾಕಿ ದೋಷ ಹುಡುಕುವುದನ್ನು ಕಲಿತಿದ್ದಾನೆ. ಕಳೆದ ತಿಂಗಳು ಒಂದು ಎಲೆಕ್ಟ್ರಿಕ್ ಕಾರನ್ನು ಎಳೆದು ತಂದರು. ಭಾಯಿ ಬಾನೆಟ್ ತೆಗೆಯಲು ಹೋದಾಗ ಅಬ್ಬಾ, ‘ಹಾತ್ ನಕ್ಕೋ ಲಗಾ ಬೇಟಾ’ ಎಂದು ತಡೆದರು. ಆ ಬ್ಯಾಟರಿಯಲ್ಲಿ ನೂರಾರು ವೋಲ್ಟ್ ಇರುತ್ತದೆ, ತಿಳಿಯದೆ ಮುಟ್ಟಿದರೆ ಜೀವಕ್ಕೇ ಅಪಾಯ. ಕಾರು ವಾಪಸ್ ಹೋಯಿತು. ಮೂವತ್ತು ವರ್ಷದಲ್ಲಿ ಅಬ್ಬಾ ಒಂದು ಗಾಡಿಯನ್ನೂ ಮುಟ್ಟದೆ ಕಳಿಸಿದ್ದನ್ನು ನೋಡಿಲ್ಲ ಎಂದು ಅಮ್ಮಿ ರಾತ್ರಿ ಹೇಳಿದರು.

ನಮ್ಮ ಆಡಳಿತ ಮಂಡಳಿಗೆ ನನ್ನ ವಿನಂತಿ ಇಷ್ಟೇ. ಗ್ಯಾರೇಜುಗಳಲ್ಲಿ ದುಡಿಯುವ ಹುಡುಗರಿಗೆ ಎಲೆಕ್ಟ್ರಿಕ್ ವಾಹನದ ಸುರಕ್ಷತೆ ಮತ್ತು ರಿಪೇರಿಯ ಬಗ್ಗೆ ಕನ್ನಡ, ಉರ್ದು ಎರಡರಲ್ಲೂ ಒಂದು ಚಿಕ್ಕ ತರಬೇತಿ ನಡೆಸಬೇಕು. ಐಟಿಐ ಶಿಕ್ಷಕರನ್ನು, ಇಂಜಿನಿಯರ್ ಆಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳನ್ನು ಕರೆಯಬಹುದು. ವಾಣಿಜ್ಯ ವಿಭಾಗದ ನಾವು ಅವರ ಗ್ಯಾರೇಜುಗಳಿಗೆ ಉದ್ಯಮ್ ನೋಂದಣಿ ಮಾಡಿಸಿ, ಲೆಕ್ಕದ ಪುಸ್ತಕ ಬರೆದುಕೊಡುತ್ತೇವೆ. ಇನ್ನೊಮ್ಮೆ ಕೊರೊನಾದಂಥದ್ದು ಬಂದರೆ ಅವರ ಹೆಸರು ಯಾವುದಾದರೂ ಪಟ್ಟಿಯಲ್ಲಿ ಇರಬೇಕು.

ಶುಕ್ರವಾರ ನಮ್ಮ ಗ್ಯಾರೇಜಿಗೆ ರಜೆ. ಜುಮಾ ನಮಾಝ್ ಮುಗಿದ ಮೇಲೆ ಶೆಡ್ಡನ್ನು ತರಬೇತಿಗೆ ಬಿಟ್ಟುಕೊಡುತ್ತೇನೆ ಎಂದು ಅಬ್ಬಾ ಹೇಳಿದ್ದಾರೆ. ಮೊದಲ ಬೆಂಚಿನಲ್ಲಿ ತಾನೇ ಕೂರುತ್ತಾರಂತೆ.